ಒಂದೇ ಕಡೆಯ ರೆಕ್ಕೆ

ಹರಪನಹಳ್ಳಿಯ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದ ಕಾಲದಲ್ಲಿ ನಾನು ಹೆಚ್ಚುಕಡಿಮೆ ಪ್ರತಿ ಭಾನುವಾರ ಹಡಗಲಿಗೆ ಹೋಗಿಬರುತ್ತಿದ್ದೆ. ಅಲ್ಲಿ ನನ್ನ ಪಿಎಚ್.ಡಿ. ಗೈಡ್ ಇದ್ದರು. ಎಂ.ಎಸ್ಸಿ.ಯಲ್ಲಿ ನನಗೆ ಪಾಠ ಹೇಳಿದ ಮೇಷ್ಟ್ರು ಅವರು. ನನ್ನ ಕೆಲಸ ಅರ್ಧ ಆಗುವಷ್ಟರಲ್ಲಿ ವಿಶ್ವವಿದ್ಯಾಲಯದಿಂದ ನಿವೃತ್ತರಾಗಿ ಹಡಗಲಿಗೆ ಬಂದುಬಿಟ್ಟಿದ್ದರು. ಅವರ ಹೆಂಡತಿ ಅಲ್ಲಿನ ಒಂದು ಶಾಲೆಯಲ್ಲಿ ಟೀಚರು. ಊರವರೆಲ್ಲ ಅಕ್ಕೋರು ಎಂದು ಕರೆಯುತ್ತಿದ್ದರು, ನಾನೂ ಹಾಗೇ ಕರೆಯುತ್ತಿದ್ದೆ. ಗಂಡನಿಗೆ ಒಂದು ಊರು, ಹೆಂಡತಿಗೆ ಇನ್ನೊಂದು ಊರು ಎಂದು ನೌಕರಿಯುದ್ದಕ್ಕೂ ದೂರದೂರವಿದ್ದು ಸಂಸಾರ ಮಾಡಿದವರು, ಬಸ್ ಸ್ಟ್ಯಾಂಡಿನ ಹಿಂದಿನ ಬಾಡಿಗೆ ಮನೆಯಲ್ಲಿ ಈಗಷ್ಟೇ ಒಟ್ಟಿಗೆ ಇರಲು ಶುರುಮಾಡಿದ್ದರು.

ನಾನು ಕೂಡ್ಲಿಗಿ ಕಡೆಯವಳು. ಅಪ್ಪ ರಸ್ತೆ ಕೆಲಸದ ಗ್ಯಾಂಗಿನಲ್ಲಿ ಕೂಲಿಯಾಗಿದ್ದವನು. ನಮ್ಮ ಮನೆಯ ಗೋಡೆಗೆ ಇದ್ದದ್ದು ಬುದ್ಧನದೊಂದು ಪಟ. ಎಂ.ಎಸ್ಸಿ.ಗೆ ಸೇರಿದಾಗ ನಾನು ಕೊನೆಯ ಬೆಂಚು ಹುಡುಕಿಕೊಂಡು ಕೂತಿದ್ದೆ. ಮೇಷ್ಟ್ರು ಎರಡನೇ ವಾರವೇ ನನ್ನನ್ನು ಎಬ್ಬಿಸಿ, ಬೋರ್ಡಿಗೆ ಕರೆದು, ಲೆಕ್ಕ ಮುಗಿಯುವವರೆಗೂ ಪಕ್ಕದಲ್ಲಿ ಕೈಕಟ್ಟಿ ನಿಂತಿದ್ದರು. ಅಕ್ಕೋರು ಮೊದಲ ಸಲ ನನ್ನನ್ನು ಊಟಕ್ಕೆ ಕೂರಿಸಿದ್ದು ಅಡುಗೆಮನೆಯ ಒಳಗೆ, ಒಲೆಯ ಪಕ್ಕದಲ್ಲಿ. ಇವೆರಡನ್ನೂ ಇಲ್ಲಿ ಹೇಳುವುದಕ್ಕೆ ಕಾರಣವಿದೆ. ಮುಂದೆ ನಡೆದದ್ದರಲ್ಲಿ ನಾನು ಯಾಕೆ ಅಷ್ಟು ದಿನ ಬಾಯಿ ಬಿಡಲಿಲ್ಲ ಎಂದು ಯಾರಾದರೂ ಕೇಳಿದರೆ ನನ್ನ ಹತ್ತಿರ ಇರುವ ಉತ್ತರ ಇವೇ.

ನಮ್ಮ ಕೆಲಸ ಒಂದೇ ಒಂದು ಗೆಲಾಕ್ಸಿಯ ಮೇಲೆ. ಕೋಟಿಗಟ್ಟಲೆ ನಕ್ಷತ್ರಗಳ ಆ ಗುಂಪಿನ ನಡುಮಧ್ಯೆ ದಪ್ಪ ಧೂಳು ಕವಿದಿತ್ತು. ಆ ಧೂಳಿನೊಳಗೆ ಒಂದು ಕಪ್ಪು ಕುಳಿ ಸುತ್ತಲಿನದನ್ನು ನುಂಗುತ್ತ ಬೆಳೆಯುತ್ತಿದೆ ಎಂಬುದಕ್ಕೆ ಬೇರೆಯವರು ಮೊದಲೇ ಸುಳಿವು ಕಂಡಿದ್ದರು. ಬೆಳಕು ಆ ಧೂಳನ್ನು ದಾಟಿ ಬರಲಾರದು. ಆದರೆ ಅಲ್ಲಿರುವ ತಣ್ಣನೆಯ ಅನಿಲದಿಂದ ಹೊರಡುವ ರೇಡಿಯೋ ಅಲೆ ದಾಟಿ ಬರುತ್ತದೆ. ನಕ್ಷತ್ರಗಳು ಹುಟ್ಟುವುದು ಈ ತಣ್ಣನೆಯ ಅನಿಲದಿಂದಲೇ. ವಿದೇಶದ ದೊಡ್ಡ ದೂರದರ್ಶಕವೊಂದರಲ್ಲಿ ಮೇಷ್ಟ್ರ ಹಳೆಯ ಶಿಷ್ಯನೊಬ್ಬ ಆ ಅಲೆಗಳನ್ನು ಹಿಡಿದು, ಸಿ.ಡಿ.ಗೆ ತುಂಬಿ ಅಂಚೆಯಲ್ಲಿ ಕಳಿಸಿದ್ದ. ಅದನ್ನು ಕಾಲೇಜಿನ ಕಂಪ್ಯೂಟರಿಗೆ ಹಾಕಿ, ಕರೆಂಟು ಇದ್ದಷ್ಟು ಹೊತ್ತು ಕೂತು, ಗೆರೆ ಮಾಡಿ, ಪ್ರಿಂಟ್ ತೆಗೆದು ಹಡಗಲಿಗೆ ಒಯ್ಯುವುದು ನನ್ನ ಕೆಲಸ.

"ಪ್ರತಿ ಐತಾರ ಅದೇನು ಕಾಗದ ಸುತ್ತಿಗೊಂಡು ಹೊಕ್ಕಿಯವಾ?" ಎಂದು ಅವ್ವ ಕೇಳುತ್ತಿದ್ದಳು. ಅಪ್ಪ ತೀರಿಕೊಂಡ ಮೇಲೆ ಅವಳು ನನ್ನ ಜೊತೆ ಹರಪನಹಳ್ಳಿಯಲ್ಲೇ ಇದ್ದಳು.

"ಗ್ಯಾಸಿಂದು ಬೇ."

"ಗ್ಯಾಸ್ ಅಂದ್ರ ಸಿಲಿಂಡ್ರಾ?"

"ಅಲ್ಲ, ಆಕಾಶದಾಗಿಂದು. ಅದು ಒಳಗ ಹೊಂಟೈತೋ ಹೊರಗ ಹೊಂಟೈತೋ ನೋಡಬೇಕು."

"ನೋಡಿ?"

ಅವ್ವ ನಗುತ್ತ ಬುತ್ತಿ ಕಟ್ಟುತ್ತಿದ್ದಳು.

ಆ ಅನಿಲದ ಅಲೆಯನ್ನು ಕಾಗದದ ಮೇಲೆ ಗೆರೆಯಾಗಿ ಬರೆದರೆ ನಡುವೆ ಒಂದು ಗುಡ್ಡ ಎದ್ದ ಹಾಗೆ ಕಾಣುತ್ತದೆ. ನಮ್ಮ ಕಡೆ ಬರುತ್ತಿರುವ ಅನಿಲ ಗುಡ್ಡದ ಎಡಕ್ಕೆ, ನಮ್ಮಿಂದ ದೂರ ಹೋಗುತ್ತಿರುವುದು ಬಲಕ್ಕೆ. ವೇಗ ಹೆಚ್ಚಿದಷ್ಟೂ ನಡುವಿನಿಂದ ದೂರ. ಗೆಲಾಕ್ಸಿಯ ಒಳಗೇ ಸುತ್ತುತ್ತಿರುವ ಅನಿಲವೆಲ್ಲ ಆ ಗುಡ್ಡದಲ್ಲಿ ಸೇರಿರುತ್ತದೆ. ನನಗೆ ಕಂಡದ್ದು ಗುಡ್ಡದ ಬುಡದಲ್ಲಿ, ಎರಡೂ ಪಕ್ಕಕ್ಕೆ ಬಹಳ ದೂರದವರೆಗೆ ಚಾಚಿದ್ದ ತೆಳುವಾದ ಉಬ್ಬು. ಇಂಥದ್ದಕ್ಕೆ ನಾವು ರೆಕ್ಕೆ ಅನ್ನುತ್ತೇವೆ. ರೆಕ್ಕೆ ನಿಜವಾಗಿದ್ದರೆ, ಸುತ್ತುವ ವೇಗಕ್ಕಿಂತ ಎಷ್ಟೋ ಹೆಚ್ಚಿನ ವೇಗದಲ್ಲಿ ಒಂದಷ್ಟು ಅನಿಲ ಹೊರಗೆ ಹೋಗುತ್ತಿದೆ ಎಂದಾಯಿತು. ಕಾಣದೆ ಕೂತ ಕಪ್ಪು ಕುಳಿಯ ಸುತ್ತ ಎದ್ದ ಗಾಳಿ ಅದನ್ನು ಗೆಲಾಕ್ಸಿಯಿಂದಲೇ ಆಚೆಗೆ ತಳ್ಳುತ್ತಿದೆ. ಹಾಗೆ ಹೋಗುತ್ತಲೇ ಇದ್ದರೆ ಮುಂದೆ ಆ ಗೆಲಾಕ್ಸಿಯಲ್ಲಿ ನಕ್ಷತ್ರ ಹುಟ್ಟಲು ಏನೂ ಉಳಿಯುವುದಿಲ್ಲ.

ಆದರೆ ಆ ವರ್ಷಗಳಲ್ಲಿ ಇದನ್ನು ನಂಬುವವರು ಕಡಿಮೆ. ಅಷ್ಟು ಬಿರುಸಿನ ಗಾಳಿಗೆ ಸಿಕ್ಕರೆ ಅಣುಗಳು ಒಡೆದು ಚೂರಾಗಬೇಕು, ತಣ್ಣಗೆ ಉಳಿಯುವ ಮಾತೇ ಇಲ್ಲ ಎನ್ನುತ್ತಿದ್ದರು. ಇನ್ನೊಂದು ತೊಡಕೂ ಇತ್ತು. ಅಲೆ ಹಿಡಿಯುವ ಯಂತ್ರದ ಗೆರೆ ಯಾವತ್ತೂ ನೆಟ್ಟಗಿರುವುದಿಲ್ಲ. ಯಂತ್ರದ್ದೇ ಒಂದು ವಾಲು, ಒಂದು ಡೊಂಕು ಇರುತ್ತದೆ. ಅದಕ್ಕೆ ಬೇಸ್‌ಲೈನ್ ಅನ್ನುತ್ತಾರೆ. ಅದನ್ನು ಕಳೆದ ಮೇಲೇ ಆಕಾಶದ್ದು ಉಳಿಯುವುದು. ಕಳೆಯುವಾಗ ಕೈ ಸ್ವಲ್ಪ ಜೋರಾದರೆ ತೆಳುವಾದ ರೆಕ್ಕೆಯೂ ಅದರ ಜೊತೆಗೇ ಹೋಗಿಬಿಡುತ್ತದೆ. ಕೈ ಸಡಿಲಾದರೆ ಇಲ್ಲದ ರೆಕ್ಕೆ ಹುಟ್ಟಿಕೊಳ್ಳುತ್ತದೆ.

ಮೊದಲ ಸಲ ತೋರಿಸಿದಾಗ ಮೇಷ್ಟ್ರು ಕಾಗದವನ್ನು ತೊಡೆಯ ಮೇಲೆ ಹರಡಿಕೊಂಡು ಬಹಳ ಹೊತ್ತು ತಲೆ ಬಗ್ಗಿಸಿ ಕೂತಿದ್ದರು.

"ಎಲ್ಲೈತವಾ ರೆಕ್ಕಿ?"

"ಇಲ್ಲಿ ನೋಡ್ರಿ ಸರ್, ಗುಡ್ಡದ ಎರಡೂ ಬಾಜೂಕ."

"ಇಲ್ಲಿ ಏನೂ ಇಲ್ಲ. ಬೇಸ್‌ಲೈನ್ ಸರಿ ತಗದಿಲ್ಲ ನೀನು. ಮತ್ತೊಮ್ಮೆ ಮಾಡು."

ಮತ್ತೊಮ್ಮೆ ಮಾಡಿದೆ. ಆಮೇಲೆ ಇನ್ನೊಂದು ರೀತಿಯಲ್ಲಿ ಮಾಡಿದೆ. ಸಿ.ಡಿ.ಯ ಮಾಹಿತಿಯನ್ನು ಅರ್ಧಕ್ಕರ್ಧ ಬೇರೆ ಮಾಡಿ, ಎರಡರಲ್ಲೂ ಬೇರೆಬೇರೆಯಾಗಿ ನೋಡಿದೆ. ಉಬ್ಬು ಹೋಗಲಿಲ್ಲ. ಪ್ರತಿ ಭಾನುವಾರ ಅದೇ ಮಾತು: "ಇಲ್ಲಿ ಏನೂ ಇಲ್ಲ." ನನಗೆ ನನ್ನ ಮೇಲೇ ಅನುಮಾನ ಬರತೊಡಗಿತು. ಬೇಕು ಬೇಕು ಎಂದು ನೋಡಿದರೆ ಕಾಣುತ್ತದಲ್ಲ, ಹಾಗೆ ಕಾಣುತ್ತಿದೆಯೋ ಏನೋ ಅನ್ನಿಸುತ್ತಿತ್ತು. ತರಗತಿಯಲ್ಲಿ ಪಾಠ ಹೇಳುವಾಗ ಬೋರ್ಡಿನ ಮೇಲೆ ಎಳೆದ ಸಾದಾ ಗೆರೆಯ ಪಕ್ಕದಲ್ಲೂ ನನಗೆ ಉಬ್ಬು ಕಾಣುತ್ತಿತ್ತು.

ಅದೇ ದಿನಗಳಲ್ಲಿ ಇನ್ನೊಂದು ಬದಲಾವಣೆ ನನ್ನ ಗಮನಕ್ಕೆ ಬಂದಿತ್ತು, ಆದರೆ ಅದರ ಅರ್ಥ ಹೊಳೆದಿರಲಿಲ್ಲ. ನಾನು ಬರೆದ ಒಂದು ಪುಟದಲ್ಲಿ ಹತ್ತು ಕಡೆ ಕೆಂಪು ಪೆನ್ನು ಆಡಿಸುತ್ತಿದ್ದ ಮೇಷ್ಟ್ರು ತಿದ್ದುವುದನ್ನೇ ಬಿಟ್ಟಿದ್ದರು. "ನೀನ ಓದವಾ, ಕೇಳ್ತೀನಿ" ಅನ್ನುತ್ತಿದ್ದರು. ವಯಸ್ಸಾಯಿತು, ದಣಿವು ಇರಬಹುದು ಅಂದುಕೊಂಡೆ. ಮಾತಾಡುವಾಗ ನನ್ನ ಮುಖ ನೋಡದೆ ನನ್ನ ಕಿವಿಯ ಪಕ್ಕದ ಗೋಡೆ ನೋಡುತ್ತಿದ್ದರು. ನನ್ನ ಮೇಲೆ ಬೇಸರವಾಗಿದೆ, ಅದಕ್ಕೇ ಮುಖ ಕೊಡುತ್ತಿಲ್ಲ ಅಂದುಕೊಂಡೆ.

ಒಂದು ಭಾನುವಾರ ಹೊರಡುವ ಮುಂಚೆ ಕಾಲೇಜಿಗೆ ಹೋಗಿ ಪ್ರಿಂಟ್ ಕೊಟ್ಟೆ. ಪ್ರಿಂಟರಿನ ರಿಬ್ಬನ್ನು ಒಣಗಿಹೋಗಿತ್ತು. ಹೊಸದು ಬೇಕೆಂದರೆ ಹಗರಿಬೊಮ್ಮನಹಳ್ಳಿಯ ಅಂಗಡಿಗೋ ದಾವಣಗೆರೆಗೋ ಹೋಗಬೇಕಿತ್ತು. ಕಾಗದದ ಮೇಲೆ ಗೆರೆ ಬಂದಿದೆಯೋ ಇಲ್ಲವೋ ಎನ್ನುವಷ್ಟು ಮಸಕು. ಕಿಟಕಿಯ ಬೆಳಕಿಗೆ ಓರೆ ಮಾಡಿ ಹಿಡಿದರೆ ಪ್ರಿಂಟರಿನ ಸೂಜಿ ಚುಚ್ಚಿದ ಗುರುತು ಮಾತ್ರ ಕಾಣುತ್ತಿತ್ತು. ಬಸ್ಸಿಗೆ ಹೊತ್ತಾಗುತ್ತಿದ್ದರಿಂದ ಅದನ್ನೇ ಸುತ್ತಿಕೊಂಡು ಹೋದೆ. ಮೊದಲೇ ತಪ್ಪೊಪ್ಪಿಕೊಂಡು, ಬಾಯಲ್ಲೇ ವಿವರಿಸಿದರಾಯಿತು ಎಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ.

ಹೇಳುವುದಕ್ಕೆ ಅವಕಾಶವೇ ಸಿಗಲಿಲ್ಲ. ಮೇಷ್ಟ್ರು ಕೈಚಾಚಿ ಕಾಗದ ಇಸಿದುಕೊಂಡರು, ತೊಡೆಯ ಮೇಲೆ ಹರಡಿದರು, ಎಡದಿಂದ ಬಲಕ್ಕೆ ನಿಧಾನವಾಗಿ ಬೆರಳು ಎಳೆದರು. ಆಮೇಲೆ ಮುಖ ಅರಳಿಸಿ ಹೇಳಿದರು:

"ಈಗ ಬಂತು ನೋಡು! ಎಲ್ಲಾ ಸಾಪ್ ಆಗೇತಿ. ನಾ ಹೇಳಿದ್ನೋ ಇಲ್ಲೋ, ಬೇಸ್‌ಲೈನ್ ಸರಿಯಾಗಿ ತಗದ್ರ ಯಾವ ರೆಕ್ಕಿನೂ ಇರಂಗಿಲ್ಲ. ಗುಡ್ಡ ಎಷ್ಟು ಚೆಂದ ನಿಂತೈತಿ!"

ಆ ಕಾಗದದಲ್ಲಿ ಗುಡ್ಡವೂ ಇರಲಿಲ್ಲ.

ನಾನು ತಲೆಯೆತ್ತಿದೆ. ಒಳಬಾಗಿಲಲ್ಲಿ ಅಕ್ಕೋರು ಚಹಾದ ಲೋಟ ಹಿಡಿದು ನಿಂತಿದ್ದರು. ಖಾಲಿ ಕಾಗದ ಅವರಿಗೂ ಕಾಣುತ್ತಿತ್ತು, ನನ್ನ ಮುಖವೂ ಕಾಣುತ್ತಿತ್ತು. ಅವರು ತಲೆಯನ್ನು ಒಂದಿಷ್ಟೇ ಅಲ್ಲಾಡಿಸಿದರು. ಬೇಡ ಎಂದು. ನಾನು "ಹೌದ್ರಿ ಸರ್" ಅಂದೆ.

ಅವತ್ತು ಅಕ್ಕೋರು ಕಾಯಿಪಲ್ಲೆಯ ಚೀಲ ಹಿಡಿದು ನನ್ನ ಜೊತೆ ಬಸ್ ಸ್ಟ್ಯಾಂಡಿನವರೆಗೆ ಬಂದರು. ಬೆಂಚಿನ ಮೇಲೆ ಕೂತ ಮೇಲೆ ಸೆರಗಿನಿಂದ ಮುಖ ಒರೆಸಿಕೊಂಡರು.

"ನಡುವ ಕಾಣಂಗಿಲ್ಲವಾ ಅವ್ರಿಗೆ. ಯಾವುದನ್ನ ನೆಟ್ಟಗ ನೋಡ್ತಾರೋ ಅದ ಮಾಯ ಆಕ್ಕೈತಿ. ಬಾಜೂಕಿಂದು ಅಷ್ಟು ಮಬ್ಬ ಮಬ್ಬ ತೋರತೈತಿ. ದಾವಣಗೆರಿ ಡಾಕ್ಟ್ರು ಇದು ತಿರುಗಿ ಬರೋದಲ್ಲ ಅಂದ್ರು."

"ಯಾವಾಗಿಂದ ಅಕ್ಕೋರ?"

"ರಿಟೈರ್ ಆಗೂಕಿಂತ ಮೊದಲಿಂದನೂ. ಯಾರಿಗೂ ಹೇಳಬ್ಯಾಡ ಅಂತ ನನ್ನ ಕಡಿಂದ ಆಣಿ ಮಾಡಿಸ್ಕೊಂಡಾರ. ಗೊತ್ತಾದ್ರ ಯೂನಿವರ್ಸಿಟಿಯವ್ರು ಗೈಡ್‌ಶಿಪ್ ಕಿತ್ಕೊತಾರ, ನಿನ್ನನ್ನ ಬ್ಯಾರೆದವ್ರ ಕೈಗೆ ಹಾಕ್ತಾರ ಅಂತ ಅವ್ರ ಹೆದರಿಕಿ. ನೀನ ಕೊನೀ ಸ್ಟೂಡೆಂಟು. ನೀನು ಬರೋ ದಿನ ಮುಂಜಾನಿಂದನ ಅಂಗಿ ಬದಲ್ ಮಾಡ್ಕೊಂಡು ಕುಂದರ್ತಾರ."

ಬಸ್ಸು ಬಂತು. ನಾನು ಹತ್ತಿದೆ. ಅಕ್ಕೋರು ಕಿಟಕಿಯ ಕೆಳಗೆ ನಿಂತು, "ಗೊತ್ತಿಲ್ಲಂಗ ಇದ್ದುಬಿಡವಾ" ಅಂದರು.

ಗೊತ್ತಿಲ್ಲದ ಹಾಗೆ ಇರುವುದು ಎಷ್ಟು ಕಷ್ಟ ಎನ್ನುವುದು ಮುಂದಿನ ಭಾನುವಾರಗಳಲ್ಲಿ ತಿಳಿಯಿತು. ಮೇಷ್ಟ್ರ ಲೆಕ್ಕದಲ್ಲಿ ಪ್ರಶ್ನೆ ಮುಗಿದುಹೋಗಿತ್ತು: ರೆಕ್ಕೆ ಇಲ್ಲ, ಅಧ್ಯಾಯ ಬೇಡ, ಉಳಿದದ್ದನ್ನು ಬರೆದು ಮುಗಿಸು. ಅವರ ಕಣ್ಣಿಗೆ ಕಾಣಲಿಲ್ಲ ಎಂಬ ಒಂದೇ ಕಾರಣಕ್ಕೆ ಅದು ಇಲ್ಲವೆಂದಾಗುತ್ತದೆಯೇ? ಅವರನ್ನು ಬಿಟ್ಟು ನೇರವಾಗಿ ವಿದೇಶದ ಆ ಶಿಷ್ಯನಿಗೇ ಬರೆದುಬಿಡಲೇ ಎಂದು ಎರಡು ಮೂರು ಸಲ ಕೊಟ್ಟೂರಿನ ಗೆಳತಿಯೊಬ್ಬಳ ಜೊತೆ ಇಂಟರ್‌ನೆಟ್ ಅಂಗಡಿಯವರೆಗೂ ಹೋಗಿ ವಾಪಸ್ಸು ಬಂದೆ. ಬರೆದರೆ ಗೈಡ್ ಏನಂದರು ಎಂದು ಅವನು ಮೊದಲು ಕೇಳುತ್ತಾನೆ. ಅದಕ್ಕೆ ಏನು ಹೇಳುವುದು?

ಅವ್ವನಿಗೆ ಎಲ್ಲವನ್ನೂ ಹೇಳಿದೆ. ಅವಳು ಸಿಟ್ಟು ಮಾಡಿದಳು. "ಕಣ್ಣು ಹೋದ್ರ ಹೇಳ್ಕೊಳ್ಳಾಕ ನಾಚಿಕಿ ಯಾತರದು? ನಿಮ್ಮಪ್ಪಗ ಕಲ್ಲು ಸಿಡದು ಒಂದ್ಕಣ್ಣು ಹೋದಾಗ ಇಡೀ ಊರಿಗೇ ಗೊತ್ತಿತ್ತು. ಗ್ಯಾಂಗಿನ ಮಂದಿನ ಕೈ ಹಿಡದು ಕರಕೊಂಡು ಬರ್ತಿದ್ರು." ಆಮೇಲೆ "ಓದಿದವ್ರಿಗೆ ಅದು ಬ್ಯಾರೆ ಇರಬೇಕು ಬಿಡು" ಅಂದಳು.

ಕೊನೆಗೆ ನನಗೊಂದು ಉಪಾಯ ತೋಚಿತು. ಉಪಾಯ ಅನ್ನುವುದಕ್ಕಿಂತ ಸುಳ್ಳು ಅನ್ನುವುದು ಸರಿ.

"ಪ್ರಿಂಟರ್ ಕೆಟ್ಟೈತ್ರಿ ಸರ್. ಅಂಕಿ ಬರಕೊಂಡು ಬಂದೀನಿ. ಎಡದಿಂದ ಓದ್ಲಾ?"

ಮೇಷ್ಟ್ರು ಖುಷಿಯಿಂದ "ಓದು, ಓದು" ಅಂದರು. ಕುರ್ಚಿಗೆ ಒರಗಿ ಕಣ್ಣು ಮುಚ್ಚಿದರು. ನಾನು ಗೆರೆಯ ಎಡ ತುದಿಯಿಂದ ಶುರುಮಾಡಿದೆ. ಒಂದು, ಮೈನಸ್ ಎರಡು, ಸೊನ್ನೆ, ಮೈನಸ್ ಒಂದು, ಎರಡು. ರೆಕ್ಕೆ ಇಲ್ಲದ ಕಡೆ ಅಂಕಿಗಳು ಸೊನ್ನೆಯ ಆಚೀಚೆ ಹೀಗೇ ಆಡುತ್ತಿರಬೇಕು. ಓದುತ್ತ ಹೋದೆ. ಎರಡು, ಮೂರು, ಎರಡು, ಮೂರು, ಮೂರು.

"ನಿಂದ್ರು."

ನಿಂತೆ.

"ಗುಡ್ಡ ಶುರು ಆತೇನು?"

"ಇಲ್ರಿ ಸರ್. ಇನ್ನೂ ಬಾಳ ದೂರ ಐತಿ."

"ಆದ್ರ ಮೈನಸ್ ಬರೋದು ನಿಂತೈತಿ." ಅವರು ಕಣ್ಣು ತೆರೆದರು. "ಮತ್ತ ಓದು, ಅಲ್ಲಿಂದ."

ಮತ್ತೆ ಓದಿದೆ. ಗುಡ್ಡ ಹತ್ತಿ ಇಳಿದು ಬಲಗಡೆಗೂ ಹೋದೆ. ಓದಿ ಮುಗಿಸುವ ಹೊತ್ತಿಗೆ ಅವರ ಮುಖದ ಮೇಲಿದ್ದ ಖುಷಿ ಹೋಗಿತ್ತು. ರೆಕ್ಕೆಯ ವಿಚಾರ ಎತ್ತುತ್ತಾರೆ ಎಂದು ಕಾದೆ. ಅವರು ಎತ್ತಿದ್ದು ಬೇರೆ.

"ಯಾವ ಪ್ರಿಂಟರೂ ಕೆಟ್ಟಿಲ್ಲ. ಹೌದಿಲ್ಲೋ?"

ನಾನು ಅಂಕಿಯ ಹಾಳೆ ಮಡಚಿದೆ.

"ಏ, ಬಾ ಇಲ್ಲಿ!" ಎಂದು ಒಳಗೆ ಕೂಗಿದರು. ಅಕ್ಕೋರು ಮಂಡಕ್ಕಿ ಒಗ್ಗರಣೆಯ ತಟ್ಟೆ ಹಿಡಿದೇ ಬಂದರು. "ಹೇಳಿದ್ಯಲ್ಲ ಈಕಿಗೆ? ಆಣಿ ಮಾಡಿದ್ದಿ ನೀನು. ನನ್ನ ಮರ್ಯಾದಿ ತಗದು ಇವರ ಕೈಯಾಗ ಕೊಟ್ಯಲ್ಲ?"

"ನಾ ಹೇಳಿಲ್ಲ" ಅಂದರು ಅಕ್ಕೋರು. ನಾನು ಅವತ್ತಿನವರೆಗೆ ಮೇಷ್ಟ್ರು ಹೆಂಡತಿಗೆ ಏರುದನಿಯಲ್ಲಿ ಮಾತಾಡಿದ್ದು ಕೇಳಿರಲಿಲ್ಲ.

"ನೀ ಹೇಳದ ಇದ್ರ ಈಕಿಗೆ ಹೆಂಗ ಗೊತ್ತಾತು?"

ಅಕ್ಕೋರು ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ಬಹುಶಃ ನಾನು ಬಾಯಿ ಮುಚ್ಚಿಕೊಂಡೇ ಇರುತ್ತಿದ್ದೆ. ಅವರು ನೆಲ ನೋಡುತ್ತ ಆ ಆರೋಪ ಹೊತ್ತುಕೊಂಡು ನಿಂತಿದ್ದರು.

"ಅಕ್ಕೋರು ಹೇಳಲಿಲ್ರಿ ಸರ್" ಅಂದೆ. "ನನಗ ಗೊತ್ತಾಗಿದ್ದು ನಿಮ್ಮಿಂದನ."

"ನನ್ನಿಂದ?"

"ಆವತ್ತು ಎಲ್ಲಾ ಸಾಪ್ ಆಗೇತಿ ಅಂದ್ರಲ್ರಿ, ಆ ಕಾಗದದಾಗ ಏನೂ ಇರಲಿಲ್ರಿ. ರಿಬ್ಬನ್ ಒಣಗಿತ್ತು. ಗುಡ್ಡನೂ ಬಿದ್ದಿರಲಿಲ್ರಿ ಸರ್. ಖಾಲಿ ಇತ್ತು."

ಮೇಷ್ಟ್ರು ಕುರ್ಚಿಯ ಎರಡೂ ಕೈ ಹಿಡಿದು ಎದ್ದರು, ಗೋಡೆಗೆ ಬೆರಳು ತಾಗಿಸಿಕೊಂಡು ಒಳಕೋಣೆಗೆ ಹೋದರು. ಅದುವರೆಗೆ ನನ್ನೆದುರು ಅವರು ಗೋಡೆ ಮುಟ್ಟಿಕೊಂಡು ನಡೆದಿರಲಿಲ್ಲ. ಒಳಗಿನಿಂದ ಅವರ ದನಿ ಬಂತು: "ಇನ್ನ ಮ್ಯಾಲೆ ಬರಬ್ಯಾಡ ಅಂತ ಹೇಳು ಆಕಿಗೆ." ನಾನು ಅಲ್ಲೇ ಇದ್ದರೂ ಅದನ್ನು ನನಗೆ ಹೇಳಲಿಲ್ಲ.

ಹೋಗಲಿಲ್ಲ. ಆ ಮಳೆಗಾಲವೆಲ್ಲ ಹೋಗಲಿಲ್ಲ. ಭಾನುವಾರ ಬಂದರೆ ಏನು ಮಾಡಬೇಕೆಂದು ತಿಳಿಯದೆ ಅವ್ವನ ಜೊತೆ ಕೂಡ್ಲಿಗಿಗೆ ಹೋಗಿ ಚಿಕ್ಕಮ್ಮಂದಿರ ಮನೆಗಳಲ್ಲಿ ಕೂತು ಬರುತ್ತಿದ್ದೆ. ಕಂಪ್ಯೂಟರಿನಲ್ಲಿ ಆ ಫೈಲನ್ನು ತೆರೆಯಲೇ ಇಲ್ಲ. ಅಕ್ಕೋರನ್ನು ಉಳಿಸಲು ಆ ಮಾತು ಹೇಳಿದೆ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಅದು ನಿಜವೂ ಹೌದು. ಆದರೆ ಅಷ್ಟು ದಿನ "ಇಲ್ಲಿ ಏನೂ ಇಲ್ಲ" ಎಂದು ಕೇಳಿ ಕೇಳಿ ಒಳಗೆ ಕೂಡಿದ್ದ ಸಿಟ್ಟು ಆ ಮಾತಿನಲ್ಲಿ ಇರಲಿಲ್ಲವೇ ಎಂದು ಯಾರಾದರೂ ಕೇಳಿದರೆ, ಇರಲಿಲ್ಲ ಎಂದು ಹೇಳಲಾರೆ.

ದಸರಾ ರಜೆಗೆ ಮುಂಚೆ ಒಂದು ಮಧ್ಯಾಹ್ನ ಅಕ್ಕೋರು ನಮ್ಮ ಕಾಲೇಜಿಗೇ ಬಂದರು. ಶಿಕ್ಷಕರ ತರಬೇತಿಯೊಂದಕ್ಕೆ ಹರಪನಹಳ್ಳಿಗೆ ಬಂದಿದ್ದರಂತೆ. ಸ್ಟಾಫ್ ರೂಮಿನಲ್ಲಿ ಬೇರೆಯವರಿದ್ದರು, ಹೊರಗೆ ಬೇವಿನ ಮರದ ಕೆಳಗೆ ನಿಂತೆವು. ಅವರು ಸೊರಗಿದ್ದರು.

"ಬರಬೇಕಂತ ನೀನು. ಹೇಳಿ ಕಳಿಸ್ಯಾರ."

"ಸರ್ ನಿಮ್ಮ ಮುಂದ ಹೇಳಿದ್ರಾ?"

"ನನಗ್ಯಾಕ ಹೇಳ್ತಾರ? ಪಕ್ಕದ ಮನಿ ಪೋಸ್ಟ್‌ಮಾಸ್ತರಿಗೆ ಹೇಳ್ಯಾರ, ಅವ್ರು ನನಗ ಹೇಳಿದ್ರು." ಅವರು ಚೀಲದ ಹಿಡಿಕೆಯನ್ನು ಈ ಕೈಯಿಂದ ಆ ಕೈಗೆ ಬದಲಿಸಿದರು. "ಉಣ್ಣಾಕ ಬಾ ಅಂದ್ರ ಬರ್ತಾರ. ನೀರು ಕೊಟ್ರ ಕುಡೀತಾರ. ಮಾತಿಲ್ಲ. ಆಣಿ ಮುರದಾಕಿ ನಾನ ಅಂತ ಅವ್ರ ಮನಸಿನ್ಯಾಗ ಕುಂತೈತಿ."

ಮರುದಿನವೇ ಹೋದೆ. ಮೇಷ್ಟ್ರು ಅದೇ ಕುರ್ಚಿಯಲ್ಲಿದ್ದರು. ಕಪ್ಪು ಕನ್ನಡಕ ಹಾಕಿದ್ದರು. ಇನ್ನು ಯಾರಿಂದಲೂ ಮುಚ್ಚಿಡುವುದಿಲ್ಲ ಎಂದು ತೀರ್ಮಾನಿಸಿದ ಹಾಗಿತ್ತು. ನಮಸ್ಕಾರ ಎಂದೆ. ಅವರು ಹೇಗಿದ್ದೀ ಎಂದೂ ಕೇಳಲಿಲ್ಲ.

"ಬಲಗಡಿ ಅಂಕಿ ಮತ್ತೊಮ್ಮೆ ಓದು."

ಓದಿದೆ. ಅವರ ಬೆರಳು ಕುರ್ಚಿಯ ತೋಳಿನ ಮೇಲೆ ಏರುತ್ತ ಇಳಿಯುತ್ತ ಇತ್ತು. ಅರ್ಧ ಓದುವಷ್ಟರಲ್ಲಿ ನನಗೇ ಕೇಳಿಸತೊಡಗಿತು. ಎರಡು, ಮೂರು, ನಾಕು, ಮೂರು, ಎರಡು, ಒಂದು, ಎರಡು, ಮೂರು, ನಾಕು. ಬಲಗಡೆಯ ಅಂಕಿಗಳು ಒಂದೇ ಅಳತೆಯಲ್ಲಿ ಏರಿ ಇಳಿಯುತ್ತಿದ್ದವು.

"ಕೇಳಿಸ್ತಾ?" ಅಂದರು. "ಆಕಾಶದಾಗ ಹಿಂಗ ತಾಳ ಹಾಕ್ಕೊಂಡು ಏನೂ ಬರಂಗಿಲ್ಲ. ಅದು ಯಂತ್ರದ್ದು. ಒಳಗ ಬಂದ ಅಲಿ ದೂರದರ್ಶಕದ ತಟ್ಟಿಗೆ ಬಡದು ಹಿಂದಕ ಹೋಗಿ, ಮತ್ತ ಬಂದು, ಮತ್ತ ಹೋಗಿ, ಹಂಗ ಆಡತೈತಿ. ಎಡಗಡಿ ಹಂಗಿಲ್ಲ. ಎಡಗಡಿ ಸುಮ್ಮನ ಎದ್ದು ನಿಂತೈತಿ."

"ಅಂದ್ರ ಎಡಗಡಿದು ಖರೇನ್ರಿ ಸರ್?"

"ಖರೆ ಇರಬೌದು. ಬಲಗಡಿದು ಇಲ್ಲಂತಲ್ಲ, ಇದ್ರೂ ಹೇಳಾಕ ಬರಂಗಿಲ್ಲ. ಗೊತ್ತಿಲ್ಲಂತ ಬರಿ."

ಹರಪನಹಳ್ಳಿಗೆ ಬಂದು ಆ ತಾಳವನ್ನು ಅಳೆದು ಕಳೆದೆ. ಬಲಗಡೆಯ ರೆಕ್ಕೆ ಇಡಿಯಾಗಿ ಹೋಯಿತು. ಎಡಗಡೆಯದು ಉಳಿಯಿತು. ಪರದೆಯ ಮುಂದೆ ಬಹಳ ಹೊತ್ತು ಕೂತಿದ್ದೆ. ಇಷ್ಟು ದಿನ ಎರಡೂ ಕಡೆ ಇದೆ ಎಂದು ಹಟ ಹಿಡಿದವಳು ನಾನು, ಯಾವ ಕಡೆಯೂ ಇಲ್ಲ ಎಂದು ಹಟ ಹಿಡಿದವರು ಅವರು.

ಆಮೇಲಿನ ಕೆಲವು ತಿಂಗಳು ನಾವು ಕೆಲಸ ಮಾಡಿದೆವು. ನಾನು ಓದುವುದು, ಅವರು ಕೇಳುವುದು, ಅವರು ಹೇಳುವುದು, ನಾನು ಬರೆಯುವುದು. ಖಾಲಿ ಕಾಗದದ ವಿಷಯ ಇಬ್ಬರೂ ಎತ್ತಲಿಲ್ಲ. ಮೊದಲಿನ ಸಲುಗೆ ಬರಲಿಲ್ಲ. ಊಟದ ಹೊತ್ತಿಗೆ ಅಕ್ಕೋರು ಬಂದು ನನ್ನನ್ನಷ್ಟೇ ಕರೆಯುತ್ತಿದ್ದರು, ನಾನು ಮೇಷ್ಟ್ರಿಗೆ ಹೇಳುತ್ತಿದ್ದೆ, ಅವರು ಏಳುತ್ತಿದ್ದರು. ಒಂದು ಮನೆಯಲ್ಲಿ ಗಂಡ ಹೆಂಡತಿಯ ನಡುವೆ ಹಾಗೆ ಮಾತು ದಾಟಿಸುವುದು ಎಷ್ಟು ಹಿಂಸೆ ಎನ್ನುವುದು ಮಾಡಿದವರಿಗೇ ಗೊತ್ತು. ಒಂದೆರಡು ಸಲ ಬೇಕೆಂದೇ ಹೇಳದೆ ಕೂತು ನೋಡಿದೆ. ಅನ್ನ ಆರಿತು ಅಷ್ಟೇ.

ಅಧ್ಯಾಯ ಮುಗಿದ ದಿನ ಮೇಷ್ಟ್ರು ಇನ್ನೊಂದು ಕಾಗದ ತೆಗೆದುಕೋ ಅಂದರು. ವಿಶ್ವವಿದ್ಯಾಲಯಕ್ಕೆ ಬರೆಸಿದರು. ತಮಗೆ ದೃಷ್ಟಿ ಇಲ್ಲವೆಂದೂ, ಮಾರ್ಗದರ್ಶನದಿಂದ ಬಿಡಿಸಬೇಕೆಂದೂ. ನಾನು ಬೇಡ ಅಂದೆ, ಇನ್ನೇನು ಮುಗಿಯಿತಲ್ಲ ಅಂದೆ.

"ನಿನ್ನ ಕೈಲೆ ಸುಳ್ಳು ಹೇಳಿಸಿದ್ದು ಸಾಕವಾ" ಅಂದರು. ಆ ಗಲಾಟೆಯಾದ ಮೇಲೆ ಅವರು ನನ್ನನ್ನು ಅವ್ವಾ ಎಂದದ್ದು ಅದೇ ಮೊದಲು. ಸಹಿ ಮಾಡುವಾಗ ಕೈ ಹಿಡಿದು ಜಾಗ ತೋರಿಸಲು ಹೋದೆ. ಕೈ ಬಿಡಿಸಿಕೊಂಡರು. ಸಹಿ ಸಾಲಿನಿಂದ ಕೆಳಗೆ ಜಾರಿ ಬಿತ್ತು.

ಹೊಸ ಗೈಡ್ ಒಳ್ಳೆಯ ಮನುಷ್ಯರೇ. ಆದರೆ ಒಂದೇ ಕಡೆಯ ರೆಕ್ಕೆ ಎಂದ ಕೂಡಲೇ ನಕ್ಕರು. ಪರೀಕ್ಷಕರು ಒಪ್ಪುವುದಿಲ್ಲ, ಯಾಕೆ ಸುಮ್ಮನೆ ತೊಂದರೆ, ತೆಗೆದುಬಿಡಿ ಅಂದರು. ವಾದ ಮಾಡಿದೆ. ಆಗಲಿ ಎಂದು ಕಳಿಸಿದರು. ಪರೀಕ್ಷಕರೊಬ್ಬರು ಅದೇ ಅಧ್ಯಾಯದ ಕಾರಣಕ್ಕೆ ಪ್ರಬಂಧ ವಾಪಸ್ಸು ಮಾಡಿದರು. ಯಂತ್ರ ಒಮ್ಮೆಗೆ ಹಿಡಿಯುವ ಅಷ್ಟು ಕಿರಿದಾದ ಅಲೆಪಟ್ಟಿಯಲ್ಲಿ ಬೇಸ್‌ಲೈನ್ ಎಲ್ಲಿ ಮುಗಿಯುತ್ತದೆ, ರೆಕ್ಕೆ ಎಲ್ಲಿ ಶುರುವಾಗುತ್ತದೆ ಎಂದು ಹೇಳಲಾಗದು ಎನ್ನುವುದು ಅವರ ಆಕ್ಷೇಪಣೆ. ಅದರಲ್ಲಿ ತಪ್ಪು ಹುಡುಕಲು ನನ್ನಿಂದ ಆಗಲಿಲ್ಲ. ಇಡೀ ಅಧ್ಯಾಯ ಕರಗಿ, ಎಡಭಾಗದ ಬೇಸ್‌ಲೈನ್ ಅನಿಶ್ಚಿತ ಎಂಬ ಒಂದು ವಾಕ್ಯವಾಗಿ ಉಳಿಯಿತು. ಡಿಗ್ರಿ ಬಂತು. ಅವ್ವ ಬೀದಿಗೆಲ್ಲ ಪೇಡೆ ಹಂಚಿದಳು. ನಾನು ನನ್ನ ಪಾಲಿನದನ್ನು ತಟ್ಟೆಯಲ್ಲೇ ಬಿಟ್ಟು ಹಿತ್ತಲಿಗೆ ಹೋದೆ.

ಹೊಸ ಶತಮಾನದ ಮೊದಲ ದಶಕ ಮುಗಿಯುವ ಹೊತ್ತಿಗೆ ಅಲೆ ಹಿಡಿಯುವ ಹೊಸ ಯಂತ್ರಗಳು ಬಂದವು. ಅವುಗಳ ಪಟ್ಟಿ ಎಷ್ಟೋ ಅಗಲ. ರೆಕ್ಕೆ ಮುಗಿದ ಮೇಲೂ ನೆಟ್ಟಗಿನ ಗೆರೆ ಬೇಕಾದಷ್ಟು ಸಿಗುತ್ತಿತ್ತು. ಹಾಗೆ ನೋಡಿದಾಗ, ಧೂಳಿನಲ್ಲಿ ಅಡಗಿದ ಕಪ್ಪು ಕುಳಿ ಇರುವ ಗೆಲಾಕ್ಸಿಯಿಂದ ತಣ್ಣನೆಯ ಅನಿಲ ರಭಸವಾಗಿ ಹೊರಗೆ ಹರಿಯುತ್ತಿದೆ ಎಂದು ಬೇರೆ ದೇಶದವರು ತೋರಿಸಿದರು. ಅಣುಗಳು ಒಡೆಯದೆಯೇ ಹೋಗುತ್ತಿದ್ದವು. ಅದನ್ನು ಕಂಪ್ಯೂಟರಿನಲ್ಲಿ ಓದಿ ಮುಗಿಸಿ ಅವತ್ತೇ ರಜೆ ಹಾಕಿ ಹಡಗಲಿಗೆ ಹೋದೆ.

ಮೇಷ್ಟ್ರಿಗೆ ಆಗ ಬೆಳಕು ಕತ್ತಲೆ ಬಿಟ್ಟರೆ ಏನೂ ತಿಳಿಯುತ್ತಿರಲಿಲ್ಲ. ಅಕ್ಕೋರು ನಿವೃತ್ತರಾಗಿ ಮನೆಯಲ್ಲೇ ಇದ್ದರು. ನಾನು ಹೇಳುತ್ತಿದ್ದರೆ ಮೇಷ್ಟ್ರು ಕುರ್ಚಿಯ ಅಂಚಿಗೆ ಬಂದರು.

"ನಮ್ಮ ಗೆಲಾಕ್ಸಿನಾ?"

"ಅಲ್ರಿ ಸರ್. ಬ್ಯಾರೆದು."

"ಎರಡೂ ಕಡಿ ಐತಾ ರೆಕ್ಕಿ?"

"ಎರಡೂ ಕಡಿ ಐತ್ರಿ."

"ನಮ್ಮದನ್ನ ಯಾರಾದ್ರು ಹೊಸ ಯಂತ್ರದಾಗ ನೋಡ್ಯಾರಾ?"

"ಇನ್ನೂ ಇಲ್ರಿ."

ಅವರು ಹಿಂದಕ್ಕೆ ಒರಗಿದರು. "ಹಂಗಾದ್ರ ನಮ್ಮದು ಏನಂತ ಇವತ್ತಿಗೂ ಗೊತ್ತಿಲ್ಲ" ಅಂದರು. ಅವರ ದನಿಯಲ್ಲಿ ಬೇಸರವಿತ್ತೋ ಸಮಾಧಾನವಿತ್ತೋ ನನಗೆ ತಿಳಿಯಲಿಲ್ಲ. ಇಡೀ ವರದಿಯನ್ನು ಓದಿಸಿಕೊಂಡರು. ನಡುನಡುವೆ ನಿಲ್ಲಿಸಿ, ಎಷ್ಟು ಹೊತ್ತು ನೋಡಿದರು, ತಾಳವನ್ನು ಹೇಗೆ ಕಳೆದರು ಎಂದು ಕೇಳಿದರು. ನಾನು ಏಳುವಾಗ, "ಮತ್ತ ಬಂದ್ರ ಆ ಯಂತ್ರದ ವಿವರ ತಗೊಂಡು ಬಾ" ಅಂದರು.

ಅಕ್ಕೋರು ಹೊರಬಾಗಿಲವರೆಗೆ ಬಂದರು. ಒಳಗೆ ಕೇಳಿಸದಂತೆ ಮೆಲ್ಲಗೆ ಕೇಳಿದೆ: "ಈಗ ಮಾತಾಡ್ತಾರ ಅಕ್ಕೋರ, ನಿಮ್ಮ ಕೂಡ?"

"ಮಾತಾಡ್ತಾರವಾ. ಉಪ್ಪು ಕಡಿಮಿ ಆಗೇತಿ, ನೀರು ಬಂದಾವೇನು, ಹಂಗ." ಅವರು ಬಾಗಿಲ ಚೌಕಟ್ಟಿಗೆ ಕೈ ಊರಿದರು. "ಆದ್ರ ಪೇಪರ್ ಓದಾಕ ಪೋಸ್ಟ್‌ಮಾಸ್ತರ್ ಬರಬೇಕು. ನಾನು ಟೀಚರ್ ಇದ್ದಾಕಿ. ಒಂದು ಸಾಲು ನನ್ನ ಕೈಲೆ ಓದಿಸಿಲ್ಲ. ಆವತ್ತಿಂದ ಇವತ್ತಿನತನಕ."

ನಾನು ಚಪ್ಪಲಿ ಮೆಟ್ಟಿಕೊಳ್ಳುತ್ತ ಇನ್ನೂ ಹೊಸ್ತಿಲ ಬಳಿಯೇ ಇದ್ದೆ. ಒಳಗಿನಿಂದ ಮೇಷ್ಟ್ರು, "ಹೋದಳೇನು ಆಕಿ?" ಎಂದು ಕೇಳಿದರು. ಅಕ್ಕೋರು "ಹೋದಳು" ಎಂದು ಹೇಳಿ ಒಳಗೆ ನಡೆದರು.